ರಜೆಗೆ ಬೀಗ ಜಡಿಯುವವರಿಗೆ

ಮಾರ್ಚ್ ಕೊನೆಯಾಗುತ್ತಿದ್ದ ಹಾಗೆ ನಮ್ಮ ಪುಣೆಯ ಕನ್ನಡಿಗರ ಮನೆಗಳಲ್ಲಿ ಒಂದು ಜಗಳ ಶುರುವಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಗೆಳೆಯರ ಜೊತೆ ನಾಲ್ಕು ದಿನ ಎಲ್ಲಿಗಾದರೂ ಹೋಗಿ ಬರುತ್ತೇನೆ ಅನ್ನುತ್ತಾನೆ ಮಗ. ಗೋವಾ, ಗೋಕರ್ಣ, ಅಲಿಬಾಗ, ದುಡ್ಡಿದ್ದವರಾದರೆ ಮನಾಲಿ. ಅಪ್ಪ ಕನ್ನಡಕ ತೆಗೆದಿಟ್ಟು "ಏನೂ ಬ್ಯಾಡ, ಮನ್ಯಾಗ ಕೂಡು" ಅನ್ನುತ್ತಾನೆ. ಅಲ್ಲಿಗೆ ರಜೆಗೆ ಬೀಗ ಬಿತ್ತು. ಇನ್ನೊಂದು ಜಾತಿಯ ಅಪ್ಪಂದಿರಿದ್ದಾರೆ. ಅವರು ಯಾರ ಜೊತೆ, ಯಾವ ಗಾಡಿ, ಎಲ್ಲಿ ಇಳಿದುಕೊಳ್ಳುತ್ತೀ ಅಂತ ಒಂದು ಮಾತು ಕೇಳದೆ ಮೊಬೈಲಿನಲ್ಲೇ ಹತ್ತು ಸಾವಿರ ಕಳಿಸಿ ಮತ್ತೆ ಕ್ರಿಕೆಟ್ ನೋಡಲು ಕೂಡುತ್ತಾರೆ. ಮೊದಲನೆಯವರು ತಮ್ಮನ್ನು ಜವಾಬ್ದಾರಿಯುಳ್ಳವರು ಅಂದುಕೊಂಡಿದ್ದಾರೆ, ಎರಡನೆಯವರು ಆಧುನಿಕರು ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಇಬ್ಬರೂ ಮಾಡುವುದು ಒಂದೇ ಕೆಲಸ: ತಮ್ಮ ಮೇಲಿನ ಭಾರ ಇಳಿಸಿಕೊಳ್ಳುವುದು.

ಹೆದರಿಕೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. 2014ರ ಜೂನ್ 8ರಂದು ಹೈದರಾಬಾದಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಹಿಮಾಚಲದ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟರು. 24 ವಿದ್ಯಾರ್ಥಿಗಳು ಮತ್ತು ಅವರ ಜೊತೆಗಿದ್ದ ಪ್ರವಾಸದ ವ್ಯವಸ್ಥಾಪಕ ಕೊಚ್ಚಿ ಹೋದರು. 2016ರ ಫೆಬ್ರವರಿ 1ರಂದು ನಮ್ಮದೇ ಪುಣೆಯ ಒಂದು ಕಾಲೇಜಿನಿಂದ ನೂರಕ್ಕೂ ಹೆಚ್ಚು ಮಂದಿ ಮುರುಡ ಸಮುದ್ರ ತೀರಕ್ಕೆ ಪಿಕ್‌ನಿಕ್ ಹೋದರು, 14 ಮಂದಿ ಮುಳುಗಿ ಸತ್ತರು. 2024ರ ಮೇ ತಿಂಗಳಲ್ಲಿ ಕನ್ಯಾಕುಮಾರಿ ಜಿಲ್ಲೆಯ ಸಮುದ್ರ ತೀರದಲ್ಲಿ ಐದು ಜನ ವೈದ್ಯಕೀಯ ವಿದ್ಯಾರ್ಥಿಗಳು. ಅದೇ ವರ್ಷ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಬಂದಿದ್ದ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು. ಮುರುಡದ ಸುದ್ದಿ ಬಂದ ದಿನ ಇಡೀ ಪುಣೆ ಊಟ ಬಿಟ್ಟು ಟಿವಿ ಮುಂದೆ ಕೂತಿತ್ತು. ಆ ಹೊಟ್ಟೆಯ ಉರಿಯ ಎದುರು ವಾದ ಮಾಡುವುದು ಕಷ್ಟ, ಆದರೂ ಮಾಡಬೇಕಾಗಿದೆ.

ಯಾಕೆಂದರೆ ಈ ಮಕ್ಕಳು ಮೋಜಿನಿಂದ ಸಾಯಲಿಲ್ಲ. ನೀರು ಎಂದರೇನು ಅಂತ ಗೊತ್ತಿಲ್ಲದೆ ಸತ್ತರು, ಮತ್ತು ಗೊತ್ತಿದ್ದವರು ಹೇಳದೆ ಇದ್ದುದರಿಂದ ಸತ್ತರು. ಬಿಯಾಸ್ ಪ್ರಕರಣದಲ್ಲಿ ಹಿಮಾಚಲದ ಹೈಕೋರ್ಟು ಪರಿಹಾರದ ಹೊರೆಯನ್ನು ವಿದ್ಯುತ್ ಮಂಡಳಿ, ಕಾಲೇಜು, ಸರ್ಕಾರ ಈ ಮೂವರ ಮೇಲೂ ಹಾಕಿತು. ಅಂದರೆ ಹುಡುಗರ ಹುಡುಗಾಟ ಅಂತ ಕೈ ತೊಳೆದುಕೊಳ್ಳುವುದಕ್ಕೆ ಕೋರ್ಟು ಬಿಡಲಿಲ್ಲ. ಇದನ್ನು ನಮ್ಮ ಮನೆಗಳಲ್ಲಿ ಯಾರೂ ನೆನಪಿಟ್ಟುಕೊಂಡಿಲ್ಲ. ನೆನಪಿರುವುದು ಒಂದೇ: "ನೋಡಿದ್ಯಾ? ಟ್ರಿಪ್ಪಿಗೆ ಹೋದವರ ಗತಿ!"

ಕಾಲೇಜುಗಳು ಏನು ಮಾಡಿದವು ಅಂತ ನೋಡಿ. ವಿಶ್ವವಿದ್ಯಾಲಯ ಅನುದಾನ ಆಯೋಗ 2015ರಲ್ಲಿ ಕ್ಯಾಂಪಸ್ಸಿನ ಒಳಗೂ ಹೊರಗೂ ವಿದ್ಯಾರ್ಥಿಗಳ ಸುರಕ್ಷತೆ ಹೇಗಿರಬೇಕು ಅಂತ ಮಾರ್ಗಸೂಚಿ ಹೊರಡಿಸಿತು. ಪ್ರವಾಸಕ್ಕೆ ಕರೆದುಕೊಂಡು ಹೋಗುವ ಮೊದಲು ಆ ಜಾಗದ ಮಾಹಿತಿ ತೆಗೆಯಬೇಕು, ಜೊತೆಗೆ ತರಬೇತಾದವರಿರಬೇಕು ಎಂಬುದು ಅದರ ಒಟ್ಟು ಧಾಟಿ. ಬಹಳಷ್ಟು ಕಾಲೇಜುಗಳು ಅದರಿಂದ ಕಲಿತದ್ದು ಮಾತ್ರ ಒಂದು ಫಾರಂ ಅಚ್ಚು ಹಾಕಿಸುವುದನ್ನು. "ನಮ್ಮ ಪಾಲ್ಯಕ್ಕೆ ಏನೇ ಆದರೂ ಸಂಸ್ಥೆ ಜವಾಬ್ದಾರಿಯಲ್ಲ" ಅಂತ ತಂದೆ ತಾಯಿಯ ಸಹಿ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಇಂಡೆಮ್ನಿಟಿ ಬಾಂಡು ಬರೆಸಿಕೊಂಡೇ ಬಾಳಿದವನು ನಾನು. ಅದು ಯಾರನ್ನು ಕಾಯುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಬರೆಸಿಕೊಂಡವನನ್ನು ಕಾಯುತ್ತದೆ. ಬರೆದುಕೊಟ್ಟವನ ಮಗನನ್ನಲ್ಲ.

ಫಾರಮ್ಮಿನ ತಾಪತ್ರಯವೂ ಬೇಡ ಅಂತ ಕೆಲವು ಕಾಲೇಜುಗಳು ಪ್ರವಾಸವನ್ನೇ ನಿಲ್ಲಿಸಿಬಿಟ್ಟವು. ಆಗ ಹುಡುಗರು ಹೋಗುವುದು ನಿಂತಿತೇ? ಇಲ್ಲ. ಮೇಷ್ಟ್ರು ಇಲ್ಲದೆ, ಲೆಕ್ಕ ಇಲ್ಲದೆ, ಎರಡು ಬೈಕಿನಲ್ಲಿ ಆರು ಜನ ಹೋಗತೊಡಗಿದರು. ಮೊದಲು ಒಬ್ಬ ಅಂಜುಬುರುಕ ಪ್ರೊಫೆಸರ್ ಆದರೂ ದಡದಲ್ಲಿ ನಿಂತು ತಲೆ ಎಣಿಸುತ್ತಿದ್ದರು. ಈಗ ಎಣಿಸುವವರೇ ಇಲ್ಲ. ಬ್ಯಾಂಕಿನಲ್ಲಿ ನಾವು ಕೆಟ್ಟ ಸಾಲವನ್ನು ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಸರಿಸಿ ಬ್ರಾಂಚು ಚೊಕ್ಕಟವಾಯಿತು ಅನ್ನುವವರನ್ನು ನೋಡಿದ್ದೇವೆ. ಇದೂ ಅದೇ. ಅಪಾಯ ಕಮ್ಮಿಯಾಗಿಲ್ಲ, ಕಾಲೇಜಿನ ಪುಸ್ತಕದಿಂದ ಹೊರಗೆ ಹೋಗಿದೆ ಅಷ್ಟೆ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಕೆಟ್ಟದ್ದು. "ಹುಡುಗ ಹೋಗ್ಲಿ, ಹುಡುಗಿ ಬ್ಯಾಡ" ಅನ್ನುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಓದಿದವರ ಮನೆಗಳೇ. ಆ ಹುಡುಗಿ ಏನು ಮಾಡುತ್ತಾಳೆ? ಪ್ರಾಜೆಕ್ಟ್ ಕೆಲಸ ಇದೆ, ಗೆಳತಿಯ ಮನೆಯಲ್ಲಿ ಎರಡು ದಿನ ಇರುತ್ತೇನೆ ಅಂತ ಹೇಳಿ ಹೋಗುತ್ತಾಳೆ. ಅವಳು ಇರುವುದು ದಿವೇಆಗರದಲ್ಲಿ, ಅಮ್ಮ ತಿಳಿದುಕೊಂಡಿರುವುದು ಕೋಥ್ರುಡದಲ್ಲಿ. ಅಲ್ಲಿ ಗಾಡಿ ಕೆಟ್ಟರೆ, ಜೊತೆಗಿದ್ದವನು ಕುಡಿದು ಬೈಕು ಹತ್ತಿದರೆ, ಯಾರಾದರೂ ಪೀಡಿಸಿದರೆ ಅವಳು ಮನೆಗೆ ಫೋನು ಮಾಡುವ ಹಾಗಿಲ್ಲ. ಮಾಡಿದರೆ ಸುಳ್ಳು ಹೊರಗೆ ಬೀಳುತ್ತದೆ. ನಿಮ್ಮ 'ಬ್ಯಾಡ' ಎಂಬ ಮಾತು ಅವಳನ್ನು ಪ್ರವಾಸದಿಂದ ತಪ್ಪಿಸಲಿಲ್ಲ. ಕಷ್ಟದಲ್ಲಿ ನಿಮ್ಮನ್ನು ಕರೆಯುವ ದಾರಿಯನ್ನು ಮಾತ್ರ ಮುಚ್ಚಿತು. ಪ್ರವಾಸಕ್ಕೆ ಹೊರಟ ಮಗಳಿಗೆ ಅಪ್ಪ ಹೇಳಬೇಕಾದದ್ದು, "ರಾತ್ರಿ ಎಷ್ಟು ಹೊತ್ತಾದ್ರೂ ಚಿಂತಿಲ್ಲ, ಫೋನ್ ಮಾಡು, ಬೈಯೂದಿಲ್ಲ, ಬಂದು ಕರಕೊಂಡು ಬರ್ತೀನಿ." ಈ ಒಂದು ವಾಕ್ಯ ಹೇಳಲಿಕ್ಕೆ ನಮ್ಮವರಿಗೆ ಯಾಕಿಷ್ಟು ಕಷ್ಟ?

ಈಗ ನೀರಿನ ವಿಷಯ. ನಮ್ಮ ತಲೆಮಾರು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಗೆ ಧುಮುಕಿ ಈಜು ಕಲಿತದ್ದು. ಕಲಿಸಿದ್ದು ಅಂದರೆ ಏನು, ಸೋದರಮಾವ ಹಿಂದಿನಿಂದ ದಬ್ಬಿದ್ದು. ಅದನ್ನು ಆದರ್ಶ ಅಂತ ಹೊಗಳಲಾರೆ, ಆ ಬಾವಿಗಳಲ್ಲೂ ಹುಡುಗರು ಸತ್ತಿದ್ದಾರೆ. ಆದರೆ ನೀರು ಬಾಯಿಗೆ ಬಂದಾಗ ಏನಾಗುತ್ತದೆ ಎಂಬುದು ನಮಗೆ ಹತ್ತನೇ ವಯಸ್ಸಿಗೇ ಗೊತ್ತಾಗಿತ್ತು. ಇವತ್ತು ಹುಡುಗನಿಗೆ ಅಬ್ಯಾಕಸ್, ಕೋಡಿಂಗ್, ಗಿಟಾರ್, ಜರ್ಮನ್ ಭಾಷೆ ಎಲ್ಲಕ್ಕೂ ಕ್ಲಾಸು. ಪಾಲಿಕೆಯ ಈಜುಕೊಳ ಮನೆಯಿಂದ ಎರಡು ಕಿಲೋಮೀಟರ್ ಇದ್ದರೂ ಅಲ್ಲಿಗೆ ಮಾತ್ರ ಕಳಿಸುವುದಿಲ್ಲ. ನೆಗಡಿಯಾಗುತ್ತದೆ, ಹುಡುಗಿಯಾದರೆ ಬಣ್ಣ ಕಪ್ಪಾಗುತ್ತದೆ. ಹದಿನೆಂಟಕ್ಕೆ ಆತ ಹನ್ನೆರಡನೇ ಮಹಡಿಯಲ್ಲಿ ಬೆಳೆದು, ಶವರಿನ ನೀರು ಬಿಟ್ಟು ಬೇರೆ ನೀರು ಕಾಣದೆ, ಅರಬ್ಬೀ ಸಮುದ್ರದ ಮುಂದೆ ಹೋಗಿ ನಿಲ್ಲುತ್ತಾನೆ.

ಅಲ್ಲಿ ನಿಂತವನಿಗೆ ಎರಡು ಸಂಗತಿ ಗೊತ್ತಿರಬೇಕು. ಒಂದು, ಉಬ್ಬರ ಇಳಿತ. ಕೊಂಕಣದ ಮೀನುಗಾರರು ಭರತಿ, ಓಹೋಟಿ ಅನ್ನುತ್ತಾರೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು ಹನ್ನೆರಡೂವರೆ ತಾಸು, ದಿನದಿಂದ ದಿನಕ್ಕೆ ಹೊತ್ತು ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆ. ನಿನ್ನೆ ನಾಲ್ಕು ಗಂಟೆಗೆ ನಡೆದು ಹೋದ ಬಂಡೆಗೆ ಇವತ್ತು ಅದೇ ನಾಲ್ಕು ಗಂಟೆಗೆ ಹೋಗಬಹುದು ಅಂತ ಲೆಕ್ಕ ಹಾಕಬಾರದು. ಎರಡು, ದಡಕ್ಕೆ ಬಂದ ನೀರೆಲ್ಲ ಕೆಲವು ಕಡೆ ಒಂದು ಇಕ್ಕಟ್ಟಾದ ಓಣಿಯಂಥ ಜಾಗದಿಂದ ರಭಸವಾಗಿ ಸಮುದ್ರಕ್ಕೆ ವಾಪಸು ಹೋಗುತ್ತದೆ. ಮೋಸ ಏನೆಂದರೆ ಆ ಓಣಿಯಲ್ಲಿ ಅಲೆ ಒಡೆಯುವುದು ಕಮ್ಮಿ, ನೀರು ಶಾಂತವಾಗಿ ಕಾಣುತ್ತದೆ. ಗೊತ್ತಿಲ್ಲದವರು ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದವನು ನೆಟ್ಟಗೆ ದಡದ ಕಡೆ ಈಜಿದರೆ ಸುಸ್ತಾಗಿ ಮುಳುಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು, ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಬೇಕು. ಕೊಳದಲ್ಲಿ ಕಲಿತ ಈಜು ಸಮುದ್ರಕ್ಕೆ ಸಾಲದು, ನಿಜ. ಆದರೆ ತೇಲಲು ಬಂದವನಿಗೆ ಯೋಚಿಸಲು ಎರಡು ನಿಮಿಷ ಸಿಗುತ್ತದೆ, ಬಾರದವನಿಗೆ ಅದೂ ಇಲ್ಲ. ಇನ್ನೊಂದು ಮಾತು: ಗೆಳೆಯ ಮುಳುಗುತ್ತಿದ್ದಾನೆ ಅಂತ ಈಜು ಬಾರದ ಇನ್ನಿಬ್ಬರು ಹಿಂದೆ ಹಾರುತ್ತಾರೆ, ಒಂದರ ಬದಲು ಮೂರು ಹೆಣ ಮೇಲೆ ಬರುತ್ತವೆ. ಹಗ್ಗ, ಖಾಲಿ ಕ್ಯಾನು, ದುಪ್ಪಟ್ಟಾ, ಏನಾದರೂ ಎಸೆಯಬೇಕು, ತಾನು ಹಾರಬಾರದು. ಇಷ್ಟನ್ನು ಯಾವ ಕಾಲೇಜಾದರೂ ಒಂದು ಪೀರಿಯಡ್ಡಿನಲ್ಲಿ ಹೇಳಿಕೊಡಬಹುದು.

ಗೋವಾಕ್ಕೆ ಬರೋಣ. ನಮ್ಮ ಅಪಾರ್ಟ್‌ಮೆಂಟಿನ ಒಬ್ಬ ಹುಡುಗ ನನ್ನನ್ನು ಲಿಫ್ಟಿನಲ್ಲಿ ನೇರವಾಗಿ ಕೇಳಿದ, "ಕಾಕಾ, ಗೋವಾಕ್ಕ ಹೋಗೂದು ಪಾಪೇನ್ರಿ?" ಪಾಪ ಅಲ್ಲ ತಮ್ಮಾ. ಆದರೆ ಪುಣೆಯ ಹುಡುಗರು ಗೋವಾಕ್ಕೇ ಯಾಕೆ ಹೋಗುತ್ತಾರೆ ಎಂಬುದನ್ನು ಮುಚ್ಚಿಟ್ಟು ಮಾತಾಡುವುದು ಬೇಡ. ಮಹಾರಾಷ್ಟ್ರದ ಕಾನೂನಿನಲ್ಲಿ ಬಿಯರಿಗೆ 21 ವಯಸ್ಸು, ವಿಸ್ಕಿ ರಮ್ಮಿಗೆ 25. ಗೋವಾದಲ್ಲಿ 18 ಸಾಕು. ಗಡಿ ದಾಟಿದ ಕೂಡಲೇ ದೊಡ್ಡವರಾದ ಹಾಗೆ. ಕುಡಿಯಬೇಡಿ ಅಂತ ಉಪದೇಶ ಮಾಡಿದರೆ ನನ್ನ ಮಾತು ಅಲ್ಲಿಗೇ ಮುಗಿಯುತ್ತದೆ, ಗೊತ್ತು. ಹಾಗಾಗಿ ಹೇಳುವುದು ಇಷ್ಟೆ: ಕುಡಿದ ಮೇಲೆ ನೀರಿಗೆ ಇಳಿಯಬೇಡಿ, ಬೈಕು ಮುಟ್ಟಬೇಡಿ. ಗೋವಾದ ಮುಖ್ಯ ತೀರಗಳಲ್ಲಿ 2008ರಿಂದ ಸಂಬಳದ ಜೀವರಕ್ಷಕರಿದ್ದಾರೆ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಬೇಕು, ಬರೀ ಕೆಂಪು ಬಾವುಟ ಇದ್ದಲ್ಲಿ ಇಳಿಯಬಾರದು. ಬಾಡಿಗೆ ಬೈಕು ತೆಗೆದುಕೊಳ್ಳುವಾಗ ನಂಬರ್ ಪ್ಲೇಟು ನೋಡಿ: ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇದ್ದರೆ ಬಾಡಿಗೆಗೆ ಪರವಾನಗಿ ಇರುವ ಗಾಡಿ. ಬಿಳಿ ಪ್ಲೇಟಿನ ಖಾಸಗಿ ಗಾಡಿಯನ್ನು ನೂರು ರೂಪಾಯಿ ಕಮ್ಮಿಗೆ ಕೊಡುತ್ತಾರೆ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ, ಆಗ ಆ ನೂರು ರೂಪಾಯಿಯ ಬೆಲೆ ತಿಳಿಯುತ್ತದೆ.

ವಿಮೆ ಅಂದ ಕೂಡಲೇ ನನ್ನ ಹಳೇ ವೃತ್ತಿ ನೆನಪಾಗುವುದು ಸಹಜ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಲ್ಲಿ ಶುರುವಾದಾಗ ವರ್ಷಕ್ಕೆ 12 ರೂಪಾಯಿ, 2022ರ ಜೂನಿನಿಂದ 20 ರೂಪಾಯಿ. ಹದಿನೆಂಟು ತುಂಬಿದ, ಬ್ಯಾಂಕಿನಲ್ಲಿ ಖಾತೆ ಇರುವ ಯಾವ ವಿದ್ಯಾರ್ಥಿಯಾದರೂ ಸೇರಬಹುದು. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲನಾದರೆ 2 ಲಕ್ಷ, ಒಂದು ಕಣ್ಣು ಅಥವಾ ಒಂದು ಕೈ ಕಾಲು ಹೋದರೆ 1 ಲಕ್ಷ. ಹಣ ಮಗನನ್ನು ವಾಪಸು ತರುವುದಿಲ್ಲ, ಅದನ್ನು ನನಗೆ ಹೇಳಬೇಕಾಗಿಲ್ಲ. ಆದರೆ ಮಗನ ಜೊತೆ ಹೋಗುವ ಅವನ ಗೆಳೆಯನ ತಂದೆ ಆಟೋ ಓಡಿಸುವವನಾಗಿರಬಹುದು, ಕಾಲು ಮುರಿದರೆ ಆ ಮನೆ ಏನಾಗಬೇಕು? ಇದರಲ್ಲಿ ಒಂದು ಮರ್ಮ ಇದೆ. ಈ ವಿಮೆಯ ವರ್ಷ ಜೂನ್ 1ರಿಂದ ಮೇ 31. ಸರಿಯಾಗಿ ರಜೆಯ ನಡುವೆ ಮುಗಿಯುತ್ತದೆ. ಖಾತೆಯಲ್ಲಿ 20 ರೂಪಾಯಿ ಇಲ್ಲದಿದ್ದರೆ ನವೀಕರಣ ಆಗುವುದಿಲ್ಲ, ಜೂನ್ ಮೊದಲ ವಾರ ಮನಾಲಿಗೆ ಹೊರಟವನ ತಲೆಯ ಮೇಲೆ ಏನೂ ಇರುವುದಿಲ್ಲ. ವಿದ್ಯಾರ್ಥಿಗಳ ಖಾತೆ ಖಾಲಿ ಇರುವುದೂ ಅದೇ ಹೊತ್ತಿಗೆ.

ಇಷ್ಟು ಸುರಕ್ಷತೆಯ ಮಾತು. ಅರ್ಥಪೂರ್ಣತೆಯ ಹೆಸರಿನಲ್ಲಿ ನಡೆಯುವ ದಬ್ಬಾಳಿಕೆ ಬೇರೆಯೇ ಇದೆ. ಒಂದು ಗುಂಪಿಗೆ ರಜೆ ಅಂದರೆ ಸರ್ಟಿಫಿಕೇಟು. ಎರಡು ತಿಂಗಳು ಯಾವುದೋ ಆಫೀಸಿನಲ್ಲಿ ಸಂಬಳವಿಲ್ಲದೆ ಫೋಟೋಕಾಪಿ ತೆಗೆದು ಅದಕ್ಕೆ ಇಂಟರ್ನ್‌ಶಿಪ್ ಅಂತ ಹೆಸರಿಡುವುದು. ಎಂ.ಕಾಂ. ಮಾಡಿದವನಾಗಿ ಹೇಳುತ್ತೇನೆ, ಲೆಕ್ಕ ಕಲಿಯುವುದಕ್ಕೆ ಒಂದು ಕಿರಾಣಿ ಅಂಗಡಿಯ ಗಲ್ಲಾದ ಪಕ್ಕ ಹದಿನೈದು ದಿನ ಕೂತರೆ ಅದಕ್ಕಿಂತ ಹೆಚ್ಚು ಸಿಗುತ್ತದೆ. ಇನ್ನೊಂದು ಗುಂಪು ನಮ್ಮ ಸಂಘಗಳ ಹಿರಿಯರದು. "ರಜೆ ಬಂದರೆ ಹುಡುಗರು ಊರಿಗೆ ಹೋಗಬೇಕು, ಅಜ್ಜಿ ಮನೆಯಲ್ಲಿರಬೇಕು, ಕನ್ನಡ ಉಳಿಯುವುದೇ ಹಾಗೆ." ಯಾವ ಅಜ್ಜಿ ಮನೆ ಸ್ವಾಮಿ? ಅರ್ಧಕ್ಕರ್ಧ ಮನೆಗಳು ಮಾರಿಹೋಗಿವೆ. ಉಳಿದವುಗಳಿಗೆ ಬೀಗ, ಅಜ್ಜಿ ಬೆಂಗಳೂರಿನ ಮಗನ ಫ್ಲಾಟಿನಲ್ಲಿ. ಕುಲದೇವರ ಗುಡಿ, ಒಂದು ಮದುವೆ, ಎರಡು ಮುಂಜಿ ಅಂತ ಇಪ್ಪತ್ತು ವರ್ಷದವನನ್ನು ಸಾಮಾನಿನ ಹಾಗೆ ಕಾರಿನಲ್ಲಿ ತುಂಬಿಕೊಂಡು ಹೋಗಿ ತಂದರೆ ಅವನಿಗೆ ಕನ್ನಡದ ಮೇಲೆ ಪ್ರೀತಿ ಬರುವುದಿಲ್ಲ, ಕನ್ನಡ ಅಂದರೆ ಸೊಂಟನೋವು ಎಂದು ತಿಳಿಯುತ್ತಾನೆ.

ಇದೆಲ್ಲ ಅಮೆರಿಕದಿಂದ ಬಂದ ಚಟ ಅನ್ನುವವರಿಗೂ ಒಂದು ಮಾತು. ಅಲ್ಲಿ ಮಾರ್ಚಿನ ಆಸುಪಾಸು ಕಾಲೇಜುಗಳಿಗೆ ಒಂದು ವಾರ ವಸಂತದ ರಜೆ, ಸ್ಪ್ರಿಂಗ್ ಬ್ರೇಕ್. ಹುಡುಗರ ದಂಡು ಫ್ಲಾರಿಡಾದ ಕಡಲ ತೀರಗಳಿಗೆ, ಮೆಕ್ಸಿಕೋದ ಕಾನ್‌ಕೂನ್‌ಗೆ ಹೋಗುತ್ತದೆ. ರಂಪಾಟ ತಾಳಲಾರದೆ ಮಯಾಮಿ ಬೀಚ್ ನಗರವು 2024ರಲ್ಲಿ ನಮ್ಮ ಸಹವಾಸ ಮುಗಿಯಿತು ಅಂತ ಜಾಹೀರಾತೇ ಕೊಟ್ಟಿತು. ಆದರೆ ಅದೇ ದೇಶದ ಅದೇ ವಾರದಲ್ಲಿ ಹತ್ತು ಹನ್ನೆರಡು ವಿದ್ಯಾರ್ಥಿಗಳ ತಂಡಗಳು ಚಂಡಮಾರುತದಲ್ಲಿ ಬಿದ್ದ ಮನೆ ಕಟ್ಟಲು, ಕಾಡಿನ ದಾರಿ ಸರಿಮಾಡಲು ಹೋಗುತ್ತವೆ. ಪರ್ಯಾಯ ಸ್ಪ್ರಿಂಗ್ ಬ್ರೇಕ್ ಅನ್ನುತ್ತಾರೆ, ದಶಕಗಳಿಂದ ನಡೆದಿದೆ. ನಮ್ಮಲ್ಲೂ 1969ರಿಂದ ರಾಷ್ಟ್ರೀಯ ಸೇವಾ ಯೋಜನೆ ಇದೆ, ಎರಡು ವರ್ಷಕ್ಕೆ 240 ತಾಸಿನ ಸೇವೆ, ಏಳು ದಿನದ ಶಿಬಿರ. ಅಂಕದ ಆಸೆಗೆ ಹೋಗುವವರೂ ಇದ್ದಾರೆ, ಇರಲಿ. ಆ ಏಳು ದಿನ ಹಳ್ಳಿಯ ಶಾಲೆಯ ನೆಲದ ಮೇಲೆ ಮಲಗಿ ಎದ್ದವನು ಬೇರೆಯವನಾಗಿ ಬರುತ್ತಾನೆ, ಕಂಡಿದ್ದೇನೆ.

ಹೊರನಾಡ ಕನ್ನಡದ ಹುಡುಗರಿಗೆ ನನ್ನದೊಂದು ಕೆಲಸವಿದೆ. ಪುಣೆಯಲ್ಲಿ ಬೆಳಗ್ಗೆ ಮಜೂರರು ಕೂಲಿಗೆ ನಿಲ್ಲುವ ಅಡ್ಡಾಗಳಿಗೆ ಹೋಗಿ ಕಿವಿಗೊಟ್ಟು ನೋಡಿ. ಕಲಬುರಗಿಯ, ಯಾದಗಿರಿಯ, ವಿಜಯಪುರದ ಕನ್ನಡ ಕೇಳಿಸುತ್ತದೆ. ನಾವು ಫ್ಲಾಟು ಕೊಂಡ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರಲ್ಲಿ ಅವರೂ ಇದ್ದಾರೆ. ನಾನು ಕೌಂಟರಿನಲ್ಲಿದ್ದಾಗ ಇವರು ಬರುತ್ತಿದ್ದರು, ಹಣ ತೆಗೆಯುವ ಚೀಟಿಯನ್ನು ಎರಡು ಕೈಯಲ್ಲಿ ಹಿಡಿದು, "ಯಪ್ಪಾ, ಇದೊಂದೀಟು ಬರದ ಕೊಡ್ರೀ" ಅಂತ. ಫಾರಂ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ. ಅವರಿಗೆ ಬರುವುದು ಕನ್ನಡ, ಅದೂ ಓದಲಿಕ್ಕಲ್ಲ. ಜನಧನ ಖಾತೆ ತೆರೆದುಕೊಂಡವರ ಪಾಸ್‌ಬುಕ್ಕು ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಇರುತ್ತದೆ, ಹೆಸರು ಆಧಾರಿನಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು, ವಯಸ್ಸು 18ರಿಂದ 60ರೊಳಗೆ. ದಿನಕ್ಕೊಬ್ಬ ಮೇಸ್ತ್ರಿಯ ಕೈಯಲ್ಲಿ ದುಡಿದವನಿಗೆ 90 ದಿನದ ಚೀಟಿ ಕೊಡುವವರು ಯಾರು? ಕನ್ನಡ ಮಾತಾಡಲು ಬರುವ, ಮರಾಠಿ ಬರೆಯಲು ಬರುವ, ಇಂಗ್ಲಿಷ್ ಫಾರಂ ಓದಲು ಬರುವ ಜನ ಈ ಊರಿನಲ್ಲಿ ಯಾರಿದ್ದಾರೆ? ನಮ್ಮ ಮಕ್ಕಳು. ಬೇರೆ ಯಾರೂ ಇಲ್ಲ. ಸಂಘದ ಬೇಸಿಗೆ ಶಿಬಿರದಲ್ಲಿ ಹಚ್ಚೇವು ಕನ್ನಡದ ದೀಪ ಹಾಡಿಸುವ ಹೊತ್ತಿನಲ್ಲಿ ಹತ್ತು ಹುಡುಗರನ್ನು ಹದಿನೈದು ದಿನ ಇಲ್ಲಿಗೆ ಕಳಿಸಿ ನೋಡೋಣ.

ಉಳಿದ ದಿನ ಅವರು ತಿರುಗಲಿ. ಸಹ್ಯಾದ್ರಿಯ ಕೋಟೆಗಳನ್ನು ಹತ್ತುವುದರಲ್ಲಿ ಮರಾಠಿ ಹುಡುಗರು ನಮಗಿಂತ ಬಹಳ ಮುಂದೆ, ರಾಜಗಡ, ತೋರಣಾ ಅವರಿಗೆ ಮನೆಯಂಗಳ. ಅವರ ಜೊತೆ ಹೋಗಲಿ, ಆದರೆ ಮೇ ತಿಂಗಳ ಬಿಸಿಲಿಗೆ ಒಬ್ಬೊಬ್ಬರಿಗೆ ನಾಲ್ಕು ಲೀಟರ್ ನೀರು ಬೇಕು. ಕೊಲ್ಹಾಪುರದ ಬಸ್ಸು ಹಿಡಿದು ಶಿರೋಳ ತಾಲೂಕಿನ ಖಿದ್ರಾಪುರಕ್ಕೆ ಹೋಗಲಿ. ಕೋಪೇಶ್ವರನ ಗುಡಿ, ಕೃಷ್ಣೆಯ ದಂಡೆ, ಆಚೆ ಬೆಳಗಾವಿ ಜಿಲ್ಲೆ. ಆ ಗುಡಿಯಲ್ಲಿ ಹಳಗನ್ನಡದ ಶಾಸನಗಳಿವೆ. ಯಾರೂ ಹೇಳದೆ, ಯಾರೂ ಕೈ ಹಿಡಿದು ಎಳೆಯದೆ, ಗೆಳೆಯನ ಎದುರಿಗೆ ಆ ಅಕ್ಷರವನ್ನು ತಡವರಿಸಿ ಓದುವ ಹುಡುಗನ ಮುಖವನ್ನು ಅಪ್ಪಂದಿರು ನೋಡಬೇಕಾದ್ದಿಲ್ಲ. ಮನೆಯಲ್ಲೇ ಇದ್ದರೆ ಸಾಕು, ಫೋನ್ ಹತ್ತಿರ ಇಟ್ಟುಕೊಂಡು.

ಅಡ್ಡಾಗೆ ಹೋಗುವ ಹುಡುಗರಿಗೆ ಒಂದು ಸೂಚನೆ. ಅಲ್ಲಿ ಜನ ಸೇರುವುದು ಬೆಳಗ್ಗೆ ಎಂಟರ ಒಳಗೆ, ಆಗ ಯಾರಿಗೂ ನಿಮ್ಮ ಜೊತೆ ಮಾತಾಡಲು ಪುರುಸೊತ್ತಿರುವುದಿಲ್ಲ, ಕಣ್ಣೆಲ್ಲ ಮೇಸ್ತ್ರಿಯ ಟೆಂಪೋ ಮೇಲೆ. ಹತ್ತು ಗಂಟೆಗೆ ಹೋಗಿ. ಅವತ್ತು ಕೆಲಸ ಸಿಗದವರು ಗೋಡೆಯ ನೆರಳಿನಲ್ಲಿ ಕೂತಿರುತ್ತಾರೆ. ಬರುವಾಗ ಎರಡು ಪೆನ್ನು ತನ್ನಿ, ಹೆಬ್ಬೆಟ್ಟಿನ ಶಾಯಿಯ ಡಬ್ಬಿ ತನ್ನಿ.